ಮೊದಲ ಸಲ ಜಾಝ್ ಕಛೇರಿಗೆ: ಅರ್ಥವಾಗುತ್ತದೋ ಇಲ್ಲವೋ ಎನ್ನುವುದಕ್ಕಿಂತ ಎಲ್ಲಿ ಕೂರುತ್ತೀರಿ ಎನ್ನುವುದು ದೊಡ್ಡದು

ಪ್ರಶ್ನೆ: ನಾವು ಶಿರಸಿ ಕಡೆಯ ಅಡಿಕೆ ತೋಟದವರು. ನನಗೆ 66, ನಮ್ಮನೆಯವಳಿಗೆ 61. ಹಿಂದೂಸ್ತಾನಿ ಬೈಠಕ್, ತಾಳಮದ್ದಲೆ ಎಂದರೆ ನಿದ್ದೆಗೆಟ್ಟು ಹೋಗುವವರು. ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಬೆಂಗಳೂರಿನ ಮಗಳು-ಅಳಿಯ ನಮ್ಮನ್ನು ಜಾಝ್ ಕಾರ್ಯಕ್ರಮಕ್ಕೆ ಕರೆದೊಯ್ಯುತ್ತಾರಂತೆ. ವೈಟ್‌ಫೀಲ್ಡಿನಲ್ಲಿ ಜಾಗ, ರಾತ್ರಿ ಎಂಟೂವರೆಗೆ ಶುರು, ಬಿಯರೂ ಅಲ್ಲೇ ತಯಾರಾಗುತ್ತದಂತೆ. ನಾವು ಕುಡಿಯುವವರಲ್ಲ, ಸಸ್ಯಾಹಾರಿಗಳು. ಮೊಬೈಲಿನಲ್ಲಿ ಹಾಕಿ ಕೇಳಿದೆ. ಎಲ್ಲರೂ ತಮ್ಮ ತಮ್ಮ ಪಾಡಿಗೆ ಬಾರಿಸಿದ ಹಾಗಿತ್ತು, ತಲೆಬುಡ ತಿಳಿಯಲಿಲ್ಲ. ದುಡ್ಡು ಕೊಟ್ಟು ಕೂತು ಪೆದ್ದರಂತೆ ಮುಖ ಮಾಡಿಕೊಂಡು ಬರಬೇಕೇ? ಎಲ್ಲಿ ಚಪ್ಪಾಳೆ ತಟ್ಟಬೇಕು, ಏನು ಹಾಕಿಕೊಳ್ಳಬೇಕು ಎನ್ನುವುದೂ ಗೊತ್ತಿಲ್ಲ. ಇವಳಿಗೆ ಶ್ರವಣ ಸಾಧನ ಇದೆ, ಗದ್ದಲಕ್ಕೆ ತಲೆನೋವು ಬರುತ್ತದೆ. ಗೋವಾದಲ್ಲೂ ಜಾಝ್ ನಡೆಯುತ್ತದಂತೆ, ಅದು ನಮಗೆ ಹತ್ತಿರವಲ್ಲವೇ? ಬೆಂಗಳೂರಾದರೆ ಅದೇ ರಾತ್ರಿ ಬಸ್ಸು ಹಿಡಿದು ಬೆಳಗಾಗುವಷ್ಟರಲ್ಲಿ ಮನೆ ಸೇರಬಹುದೇ?

ಉತ್ತರ: ಅರ್ಥವಾಗಲಿಕ್ಕಿಲ್ಲ ಎಂಬ ಅಳುಕಿನ ಬಗ್ಗೆ ನೀವು ಬಹಳ ಬರೆದಿದ್ದೀರಿ. ಮನೆಯವರ ಕಿವಿಗೆ ಒಂದು ಸಾಲು, ರಾತ್ರಿಯ ಬಸ್ಸಿಗೆ ಒಂದು ಸಾಲು. ಬೆಂಗಳೂರು, ಪಣಜಿ ಎರಡೂ ಕಡೆ ಮಿಕ್ಸರ್ ಹಿಂದೆ ನಿಂತು ಧ್ವನಿವ್ಯವಸ್ಥೆ ನೋಡಿಕೊಂಡವನು ನಾನು. ಸಂಗೀತ ತಿಳಿಯದೆ ಸಂಜೆ ಕೆಡಿಸಿಕೊಂಡವರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಡ್ರಮ್ಮಿನ ಎದುರು ಕೂತು ಕಿವಿ ಮುಚ್ಚಿಕೊಂಡವರು, ಬಸ್ಸಿನ ಗಡಿಯಾರ ನೋಡುತ್ತಾ ಅರ್ಧಕ್ಕೆ ಎದ್ದವರು ಬೇಕಾದಷ್ಟು.

ಮೊದಲು ಮೊಬೈಲಿನ ವಿಷಯ, ಏಕೆಂದರೆ ನಿಮ್ಮ ಹೆದರಿಕೆ ಅಲ್ಲಿಂದಲೇ ಶುರುವಾಗಿದೆ. ಜಾಝ್ ತಂಡದಲ್ಲಿ ಆಳೆತ್ತರದ ತಂತಿವಾದ್ಯವೊಂದಿರುತ್ತದೆ, ಡಬಲ್ ಬೇಸ್. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿಗೆ ನೂರಿನ ಕೆಳಗಿನ ಕಂಪನವನ್ನು ಹೊರಡಿಸುವ ಶಕ್ತಿಯೇ ಇಲ್ಲ; ಇನ್ನೂರು, ಮುನ್ನೂರರ ಹತ್ತಿರವೂ ಅದು ಸೊರಗುತ್ತದೆ. ಲಯ ಹಿಡಿದು ನಡೆಸುವವನು, ಈಗ ಯಾವ ಸ್ವರದ ಮೇಲೆ ನಿಂತಿದ್ದೇವೆಂದು ಕ್ಷಣಕ್ಷಣಕ್ಕೂ ತೋರಿಸುವವನು ಈ ಬೇಸಿನವನೇ. ಅವನನ್ನೇ ತೆಗೆದುಹಾಕಿ ಉಳಿದದ್ದನ್ನು ಕೇಳಿದಿರಿ. ತಮ್ಮ ತಮ್ಮ ಪಾಡಿಗೆ ಬಾರಿಸಿದಂತೆ ಕೇಳಿಸದೆ ಇನ್ನೇನಾದೀತು? ಅದೇ ಧ್ವನಿಮುದ್ರಣವನ್ನು ಅಳಿಯನ ಒಳ್ಳೆಯ ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಉಳಿದರ್ಧಕ್ಕೆ ಕಾರಣ ನಿಮ್ಮ ಕಿವಿಯ ಅಭ್ಯಾಸ. ತಂಬೂರಿಯ ಷಡ್ಜ ಬೈಠಕ್ಕಿನ ಕೊನೆಯವರೆಗೂ ಅಲುಗುವುದಿಲ್ಲ, ರಾಗ ಅದರ ಮೇಲೆ ಬೆಳೆಯುತ್ತದೆ. ಜಾಝಿನಲ್ಲಿ ತಂಬೂರಿಯಿಲ್ಲ. ಪಿಯಾನೋದವನು ಮೂರು-ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಒಂದು ನೆಲ ಹಾಸುತ್ತಾನೆ. ಒಂದೆರಡು ಬಾರ್ (ಮಾತ್ರೆಗಳ ಸಣ್ಣ ಗುಂಪಿಗೆ ಇಲ್ಲಿ ಹೀಗೆನ್ನುತ್ತಾರೆ) ಕಳೆಯುವಷ್ಟರಲ್ಲಿ ಆ ನೆಲ ಬದಲಾಗುತ್ತದೆ. ಷಡ್ಜ ಹುಡುಕುವ ನಿಮ್ಮ ಕಿವಿಗೆ ಶ್ರುತಿ ತಪ್ಪಿತು ಅನ್ನಿಸುವುದು ಇಲ್ಲೇ. ತಪ್ಪಿದ್ದಲ್ಲ, ಜಾಗ ಬದಲಾಯಿಸಿದ್ದು. ಬದಲಾವಣೆಯ ಕ್ರಮ ಮೊದಲೇ ಗೊತ್ತುಮಾಡಿದ್ದು, ಸುತ್ತು ಮುಗಿದೊಡನೆ ಮತ್ತೆ ಮೊದಲಿನಿಂದ ಬರುತ್ತದೆ. ಸಾಮಾನ್ಯವಾದ ಸುತ್ತುಗಳು ಎರಡು: 12 ಬಾರಿನದ್ದು, 32 ಬಾರಿನದ್ದು. ಬಾರಿಗೆ ನಾಲ್ಕು ಮಾತ್ರೆಯಂತೆ ಹಿಡಿದರೆ 48, 128 ಮಾತ್ರೆಗಳ ಆವರ್ತನ. ನಿಮಿಷಕ್ಕೆ 120 ಮಾತ್ರೆಯ ಗತಿಯಲ್ಲಿ ಮೊದಲನೆಯದು 24 ಸೆಕೆಂಡಿನಲ್ಲಿ, ಎರಡನೆಯದು ಒಂದು ನಿಮಿಷದ ಮೇಲೆ ನಾಲ್ಕು ಸೆಕೆಂಡಿನಲ್ಲಿ ಸುತ್ತು ಹೊಡೆದು ಬರುತ್ತದೆ. ವಿಲಂಬಿತ್ ಏಕತಾಲದ ಆವರ್ತನಕ್ಕೆ ಕಾದು ಕೂತವರಿಗೆ ಇದು ಯಾವ ಮಹಾ ಉದ್ದ?

ಜಾಝ್ ಎಂದರೆ ಪೂರ್ತಿ ಮನಸ್ಸಿಗೆ ಬಂದಂತೆ ನುಡಿಸುವುದು ಎಂಬ ಮಾತು ಹಾಗಾಗಿ ಅರ್ಧಸತ್ಯ. ನೀವು ತಾಳಮದ್ದಲೆಯವರಾದ್ದರಿಂದ ನಿಮಗೆ ಇದನ್ನು ಹೇಳುವುದು ಸುಲಭ. ಪ್ರಸಂಗದ ಪದ್ಯ ಬರೆದದ್ದು, ಭಾಗವತರು ಅದನ್ನು ಬದಲಿಸುವುದಿಲ್ಲ. ಪದ್ಯ ಮುಗಿದ ಮೇಲೆ ಅರ್ಥಧಾರಿ ಏನು ಹೇಳುತ್ತಾನೆ, ಎದುರಾಳಿ ಅದಕ್ಕೆ ಹೇಗೆ ಉತ್ತರಿಸುತ್ತಾನೆ ಎನ್ನುವುದು ಆ ರಾತ್ರಿಯದ್ದು. ಇಲ್ಲಿಯೂ ಎಲ್ಲರೂ ಸೇರಿ ಮೊದಲು ಒಂದು ಗೊತ್ತಾದ ರಾಗಸಾಲನ್ನು ನುಡಿಸುತ್ತಾರೆ. ಆಮೇಲೆ ಅದೇ ಸುತ್ತಿನ ಮೇಲೆ ಸ್ಯಾಕ್ಸೋಫೋನಿನವನು ಕೆಲವು ಆವರ್ತನ ತನ್ನ ಅರ್ಥ ಹೇಳುತ್ತಾನೆ, ಬಳಿಕ ಪಿಯಾನೋ, ಬಳಿಕ ಬೇಸ್. ಕೊನೆಗೆ ಡ್ರಮ್ಮಿನವನ ಜೊತೆ ನಾಲ್ಕು ಬಾರ್ ನೀನು, ನಾಲ್ಕು ಬಾರ್ ನಾನು ಎಂಬ ಚಕಮಕಿ ನಡೆಯುವುದುಂಟು. ಸವಾಲ್-ಜವಾಬ್ ಕೇಳಿದವರಿಗೆ ಅದನ್ನು ವಿವರಿಸಬೇಕಿಲ್ಲ. ಮುಗಿಸುವ ಹೊತ್ತಿಗೆ ಯಾರಾದರೊಬ್ಬರು ತಮ್ಮ ತಲೆ ಮುಟ್ಟಿ ತೋರಿಸುವುದನ್ನು ಗಮನಿಸಿ. ಮತ್ತೆ ಮೊದಲ ಸಾಲಿಗೆ ಬನ್ನಿ ಎಂಬ ಸನ್ನೆ ಅದು.

ಕೈಯಲ್ಲಿ ತಾಳ ಹಾಕುವ ಅಭ್ಯಾಸವಿದ್ದರೆ ಒಂದು ಎಚ್ಚರಿಕೆ. ನಮ್ಮ ಕೈ ಸಮಕ್ಕೆ, ಅಂದರೆ ಒಂದನೇ ಮಾತ್ರೆಗೆ ಬೀಳುತ್ತದೆ. ಜಾಝಿನ ಡ್ರಮ್ಮಿನವನು ಎಡಗಾಲಿನಲ್ಲಿ ಎರಡು ಸಣ್ಣ ತಾಳಗಳನ್ನು ಕಚ್ಚಿಸುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ನೀವು ಒಂದು-ಮೂರಕ್ಕೆ ತಟ್ಟಿದರೆ ಪಕ್ಕದವರು ತಿರುಗಿ ನೋಡಬಹುದು. ಅವನ ಎಡಗಾಲು ನೋಡಿಕೊಂಡು ತೊಡೆ ತಟ್ಟಿ, ಹತ್ತು ನಿಮಿಷದಲ್ಲಿ ಒಗ್ಗುತ್ತದೆ. ಚಪ್ಪಾಳೆಗೆ ಹಾಡು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಬ್ಬರ ಸರದಿ ಮುಗಿದು ಇನ್ನೊಬ್ಬರು ಹಿಡಿಯುವ ಜಾಗದಲ್ಲಿ ತಟ್ಟುವುದೇ ರೂಢಿ. ವಾಹ್ ಅನ್ನಿಸಿದರೆ ಅನ್ನಿ, ಕಲಾವಿದರಿಗೆ ಖುಷಿಯೇ. ಬೇಸಿನವನ ಸರದಿ ಬಂದಾಗ ಮಾತ್ರ ಸುಮ್ಮನಿರಿ. ಅವನ ವಾದ್ಯದ ದನಿ ಸಣ್ಣದು, ಅದೇ ಹೊತ್ತಿಗೆ ಅಕ್ಕಪಕ್ಕದ ಟೇಬಲಿನವರೆಲ್ಲ ಮಾತಿಗೆ ತೊಡಗುತ್ತಾರೆ. ಇಷ್ಟು ವರ್ಷವಾದರೂ ನನಗೆ ಸಿಟ್ಟು ಬರುವುದು ಆ ಒಂದು ವಿಷಯಕ್ಕೆ.

ಇನ್ನು ಬಿಯರಿನ ಮಾತು. ಜಾಝ್ ಬೆಳೆದದ್ದೇ ನ್ಯೂ ಆರ್ಲಿಯನ್ಸಿನ ಕುಣಿತದ ಮನೆಗಳಲ್ಲಿ, ಪಾನಗೃಹಗಳಲ್ಲಿ, ಮೆರವಣಿಗೆಗಳಲ್ಲಿ, ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ. ಜಾಝಿನ ಮೊದಲ ಧ್ವನಿಮುದ್ರಿಕೆ 1917ರದ್ದು. ನಮ್ಮ ದೇಶಕ್ಕೆ ಅದು ಕಾಲಿಟ್ಟದ್ದು ದೊಡ್ಡ ಹೋಟೆಲುಗಳ ಮೂಲಕ: 1930ರ ದಶಕದಲ್ಲಿ ಮುಂಬಯಿಯ ತಾಜ್‌ಮಹಲ್ ಹೋಟೆಲಿನಲ್ಲಿ ಅಮೆರಿಕದ ಕಪ್ಪು ಕಲಾವಿದರ ತಂಡಗಳು ನುಡಿಸಿದವು. ಅವರ ಜೊತೆ, ಅವರ ನಂತರ ಆ ಜಾಗ ತುಂಬಿದವರು ನಮ್ಮ ನೆರೆಯ ಗೋವಾದವರು. ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತ ಹುಡುಗರು ಮುಂಬಯಿಗೆ ಹೋಗಿ ರಾತ್ರಿ ಹೋಟೆಲಿನಲ್ಲಿ ಜಾಝ್, ಹಗಲು ಹಿಂದಿ ಸಿನಿಮಾದ ವಾದ್ಯವೃಂದ ಎಂದು ದುಡಿದರು. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಆಂಟೋನಿಯೋ ಕ್ಸೇವಿಯರ್ ವಾಜ್, ಸೆಬಾಸ್ಟಿಯನ್ ಡಿಸೋಜ, ಫ್ರ್ಯಾಂಕ್ ಫೆರ್ನಾಂಡ್ ಇವರೆಲ್ಲ ಆ ಸಾಲಿನವರು. ನೀವು ಹಳೆಯ ಹಿಂದಿ ಹಾಡು ಕೇಳುವವರಾಗಿದ್ದರೆ ಇವರ ಕೈಚಳಕ ನಿಮ್ಮ ಕಿವಿಯಲ್ಲಿ ಆಗಲೇ ಇದೆ.

ಸ್ಯಾಕ್ಸೋಫೋನೂ ಕರಾವಳಿಗೆ ಹೊಸತಲ್ಲ. ಘಟ್ಟ ಇಳಿದರೆ ದೇವಸ್ಥಾನದಲ್ಲಿ, ಮದುವೆ ಚಪ್ಪರದಲ್ಲಿ ಅದು ನಾಗಸ್ವರದ ಜಾಗದಲ್ಲಿ ಕೂತು ಎಷ್ಟೋ ಕಾಲವಾಯಿತು. ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿದ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ನುಡಿಸಿದಾಗ, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಕೇಳಿ ಮೆಚ್ಚಿ, ತಾವೂ ಜೊತೆಗೂಡಿ ನುಡಿಸಿದ್ದರು. ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೆ 1983ರಲ್ಲಿ ಧ್ವನಿಮುದ್ರಿಕೆಯನ್ನೇ ತಂದರು. ಹಾಗಾಗಿ ‘ಇದು ನಮ್ಮಂಥವರ ಜಾಗವಲ್ಲ’ ಎಂಬ ಸಂಕೋಚ ಬೇಡ.

ಕುಡಿಯದವರನ್ನು ಯಾರೂ ಕೇಳುವುದಿಲ್ಲ. ಟಿಕೆಟು ಅಥವಾ ಕವರ್ ಚಾರ್ಜ್ ಎಂಬ ಪ್ರವೇಶ ಶುಲ್ಕ ಕೊಟ್ಟ ಮೇಲೆ ನಿಂಬೆ ಸೋಡ ಹಿಡಿದು ಕೂತರೂ ಆಯಿತು. ನೀವು ಹೇಳುತ್ತಿರುವುದು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇರಬೇಕು. ಅಲ್ಲಿ ಬಿಯರ್ ತಯಾರಿಕೆಯೂ ಇದೆ, ಗೋಡೆ ತುಂಬ ಪುಸ್ತಕವೂ ಇದೆ, ಸಂಗೀತಕ್ಕೆಂದೇ ಮಾಡಿದ ವೇದಿಕೆಯೂ ಇದೆ. ಸಂಗೀತ ಬರೀ ಹಿನ್ನೆಲೆಗೆ ಇರುವ ಬಾರುಗಳಿಗಿಂತ ಇಂಥ ಜಾಗ ನಿಮಗೆ ವಾಸಿ. ದುಡ್ಡಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕವರ್ ಚಾರ್ಜು ಊಟದ ಬಿಲ್ಲಿನಲ್ಲಿ ವಜಾ ಆಗುತ್ತದೆಯೇ, ಅಥವಾ ಸಂಗೀತಕ್ಕೇ ಪ್ರತ್ಯೇಕವೇ? ಇದು ಜಾಗದಿಂದ ಜಾಗಕ್ಕೆ, ಕೆಲವು ಕಡೆ ದಿನದಿಂದ ದಿನಕ್ಕೆ ಬೇರೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಿರಿ ಎಂದು ಕೇಳುವ ಹಕ್ಕು ನಿಮಗಿದೆ. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಮಗಳು-ಅಳಿಯನ ಎದುರು ಈ ತಕರಾರು ಎತ್ತಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಈಗ ಮನೆಯವರ ಕಿವಿ. ಸಣ್ಣ ಕೋಣೆಯಲ್ಲಿ ಗದ್ದಲಕ್ಕೆ ಸ್ಪೀಕರು ಕಾರಣ ಎಂದು ಎಲ್ಲರೂ ತಿಳಿದಿದ್ದಾರೆ. ಹೆಚ್ಚಿನ ಸಲ ಕಾರಣ ಡ್ರಮ್ಮು. ಅದಕ್ಕೆ ಮೈಕೇ ಬೇಕಿಲ್ಲ, ಕಂಚಿನ ದೊಡ್ಡ ತಾಳಗಳ ಸದ್ದು ನೇರ ಎದುರಿನವರ ಮುಖಕ್ಕೆ ಬಡಿಯುತ್ತದೆ. ಅದರ ಮೇಲೆ ಪಿಯಾನೋ, ಬೇಸ್ ಕೇಳಿಸಲಿ ಎಂದು ನಾವು ಸ್ಪೀಕರ್ ಏರಿಸಬೇಕಾಗುತ್ತದೆ. ಡ್ರಮ್ಮಿನ ಎದುರಿನ ಟೇಬಲಿನಲ್ಲಿ ನನ್ನ ಮೀಟರು 95 ಡೆಸಿಬೆಲ್ ತೋರಿಸುವುದು ಅಪರೂಪವಲ್ಲ. ಕೆಲಸದ ಜಾಗದ ಶಬ್ದಕ್ಕೆ ಅಮೆರಿಕದ ಆರೋಗ್ಯ ಸಂಸ್ಥೆಯೊಂದು ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್ಲಿಗೆ ಎಂಟು ಗಂಟೆ ಮಿತಿ, ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ 94ಕ್ಕೆ ಒಂದೇ ಗಂಟೆ. ಸಂಗೀತದ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಗರಿಷ್ಠ ಮಿತಿ, ಹದಿನೈದು ನಿಮಿಷದ ಸರಾಸರಿಯಲ್ಲಿ, 100. ಆರೋಗ್ಯವಂತ ಕಿವಿಯನ್ನು ಮನಸ್ಸಿನಲ್ಲಿಟ್ಟು ಹಾಕಿದ ಗೆರೆಗಳಿವು, ಮನೆಯವರಿಗೆ ಇನ್ನೂ ಕೆಳಗೇ ನಿಲ್ಲುವುದು ಕ್ಷೇಮ.

ಆದ್ದರಿಂದ ಮುಂದಿನ ಸಾಲು ಗೌರವದ ಸಾಲು ಎಂಬ ನಮ್ಮ ಕಡೆಯ ಲೆಕ್ಕ ಇಲ್ಲಿ ಬಿಡಿ. ಮಗಳು ಪ್ರೀತಿಯಿಂದ ವೇದಿಕೆಗೆ ಅಂಟಿದ ಟೇಬಲನ್ನೇ ಬುಕ್ ಮಾಡಿಟ್ಟಾಳು, ಈಗಲೇ ಹೇಳಿ ತಪ್ಪಿಸಿ. ಮಿಕ್ಸರ್ ಇರುವ ಜಾಗದ ಆಸುಪಾಸು ಕೇಳಿ ತೆಗೆದುಕೊಳ್ಳಿ. ಧ್ವನಿ ಸಮತೂಕವಾಗುವುದು ಅಲ್ಲಿಗೆ, ಏಕೆಂದರೆ ಅದನ್ನು ಹದ ಮಾಡುವವನು ಅಲ್ಲೇ ನಿಂತಿರುತ್ತಾನೆ. ಅದು ಸಿಗದಿದ್ದರೆ ಪಿಯಾನೋ ಇರುವ ಬದಿ, ಮಧ್ಯಕ್ಕಿಂತ ಹಿಂದೆ. ಸ್ಪೀಕರಿನ ನೇರಕ್ಕೆ, ಅಡುಗೆಮನೆಯ ಬಾಗಿಲಿಗೆ, ಬಾರ್ ಕೌಂಟರಿಗೆ ಹತ್ತಿರ ಬೇಡ.

ಶ್ರವಣ ಸಾಧನವನ್ನು ಮಾತು ಕೇಳಿಸಲೆಂದು ಹೊಂದಿಸಿರುತ್ತಾರೆ. ಮಾತಲ್ಲದ, ಎಳೆದು ನಿಂತ ಸ್ವರ ಬಂದರೆ ಅದು ಗದ್ದಲವೆಂದೋ ತನ್ನದೇ ಸಿಳ್ಳೆಯೆಂದೋ ಭಾವಿಸಿ ಅದುಮಲು ಹೋಗುತ್ತದೆ. ಸ್ಯಾಕ್ಸೋಫೋನಿನ ದೀರ್ಘ ಸ್ವರ ನಡುಗಿದಂತೆ, ಬಿರುಕು ಬಿಟ್ಟಂತೆ ಕೇಳುವುದು ಇದರಿಂದ. ಬೈಠಕ್ಕಿನಲ್ಲಿಯೂ ಮನೆಯವರಿಗೆ ಹೀಗೆ ಆಗಿರಬಹುದು, ಕೇಳಿ ನೋಡಿ. ಹೊರಡುವ ಮೊದಲು ಸಾಧನ ಹೊಂದಿಸಿಕೊಟ್ಟ ಆಡಿಯಾಲಜಿಸ್ಟರ ಹತ್ತಿರ ಹೋಗಿ ಸಂಗೀತಕ್ಕೆಂದು ಪ್ರತ್ಯೇಕ ಪ್ರೋಗ್ರಾಂ ಹಾಕಿಸಿ. ಈಗಿನ ಬಹುತೇಕ ಸಾಧನಗಳಲ್ಲಿ ಅದು ಸಾಧ್ಯ. ಮನೆಯಲ್ಲೇ ರೇಡಿಯೋ ಹಾಕಿ ಎರಡು ದಿನ ಅಭ್ಯಾಸ ಮಾಡಿಕೊಳ್ಳಲಿ. ನಿಮಗೆ, ಸಾಧನ ಇಲ್ಲದವರಿಗೆ, ಔಷಧದ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಹತ್ತಿಯ ಉಂಡೆಯಿಂದ ಹೆಚ್ಚು ಪ್ರಯೋಜನವಿಲ್ಲ. ಇಷ್ಟಾಗಿಯೂ ತಲೆನೋವು ಶುರುವಾದರೆ ಸಹಿಸಿಕೊಂಡು ಕೂರಬೇಡಿ, ಹೊರಗೆ ಹತ್ತು ನಿಮಿಷ ನಿಂತು ಬನ್ನಿ. ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಮರುದಿನವೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಗೋವಾ ಹತ್ತಿರವೇ ಎಂದು ಕೇಳಿದ್ದೀರಿ. ಕಾರವಾರದವರು ಕೇಳಿದ್ದರೆ ಯೋಚಿಸದೆ ಪಣಜಿಗೆ ಹೋಗಿ ಎನ್ನುತ್ತಿದ್ದೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರು, ಮಡಗಾಂವಿನವರೆಗೆ ರೈಲೂ ಇದೆ. ಶಿರಸಿಯಿಂದ ನೀವು ಮೊದಲು ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಅಂಕೋಲಾ, ಕಾರವಾರ ದಾಟಿ ಹೋಗಬೇಕು. ಬೆಂಗಳೂರಿನ ದೂರಕ್ಕೆ ಹೋಲಿಸಿದರೆ ಅರ್ಧಕ್ಕೆ ಸ್ವಲ್ಪ ಹೆಚ್ಚು, ಆದರೆ ಬೆಂಗಳೂರಿಗೆ ಮಲಗಿಕೊಂಡು ಹೋಗಬಹುದು, ಗೋವಾಕ್ಕೆ ಕಾರು ಓಡಿಸಬೇಕು. ಮಾಂಡೋವಿ ದಡದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿಯಂಥ ಸಭಾಂಗಣದಲ್ಲಿ ಕಾರ್ಯಕ್ರಮವಿದ್ದರೆ ಅದರಲ್ಲಿ ಬೇರೆಯೇ ಸುಖವಿದೆ: ನಿಗದಿಯಾದ ಕುರ್ಚಿ, ತಟ್ಟೆ-ಲೋಟದ ಸದ್ದಿಲ್ಲ, ಡ್ರಮ್ಮು ದೂರ, ಬೈಠಕ್ಕಿನ ಶಿಸ್ತು. ನಿಮ್ಮಿಬ್ಬರ ಕಿವಿಗೆ ಅದೇ ಮೇಲು. ತೊಡಕೆಂದರೆ ಅಂಥ ಕಾರ್ಯಕ್ರಮ ನಿಮ್ಮ ತಾರೀಖಿಗೆ ಹೊಂದಿ ಬರಬೇಕು. ಕ್ಲಬ್ಬಿನ ಹಾಗೆ ವಾರವಾರ ಇರುವುದಿಲ್ಲ. ಸಮುದ್ರದ ದಡದ ಬಯಲು ಕಾರ್ಯಕ್ರಮಗಳಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ಕಾನೂನು ಇರುವುದರಿಂದ ಸಂಜೆ ಬೇಗ ಶುರುವಾಗುತ್ತದೆ, ನಿಮ್ಮ ವಯಸ್ಸಿಗೆ ಅದೂ ಅನುಕೂಲ. ಆದರೆ ಗಾಳಿ ಬೀಸಿದತ್ತ ಧ್ವನಿ ತೇಲಿಹೋಗುತ್ತದೆ, ಶೆಕೆ, ಸೊಳ್ಳೆ, ಪ್ಲಾಸ್ಟಿಕ್ ಕುರ್ಚಿ. ಯಾವುದಕ್ಕೆ ಹೋದರೂ ಮುಗಿಸಿ ಅದೇ ರಾತ್ರಿ ದೇವಿಮನೆ ಘಟ್ಟ ಹತ್ತುವ ಸಾಹಸ ಮಾತ್ರ ಬೇಡ. ಪಣಜಿಯಲ್ಲೋ ಕಾರವಾರದಲ್ಲೋ ಉಳಿಯಿರಿ.

ಬೆಂಗಳೂರಿನಿಂದ ಅದೇ ರಾತ್ರಿ ಬಸ್ಸು? ಆಗದ ಮಾತು. ಎಂಟೂವರೆ ಎಂದರೆ ಒಂಬತ್ತರ ಸುಮಾರಿಗೆ ಮೊದಲ ಭಾಗ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ. ಆಮೇಲೆ ವಿರಾಮ, ಎರಡನೇ ಭಾಗ. ಶಿರಸಿಯ ಬಸ್ಸುಗಳು ಮೆಜೆಸ್ಟಿಕ್ಕಿನಿಂದ ಹೊರಡುವ ಹೊತ್ತೂ ಅದೇ, ವೈಟ್‌ಫೀಲ್ಡು ಊರಿನ ಇನ್ನೊಂದು ತುದಿ. ಕುಮಟೆಗೆ ಬರುವ ಪಂಚಗಂಗಾ ರೈಲು ಸಂಜೆಯೇ ಹೊರಟಿರುತ್ತದೆ. ತೋಟದ ಕೆಲಸವನ್ನು ಒಂದು ದಿನ ಮುಂದೆ ಹಾಕಿ. ಹೋಗುವ ದಾರಿ ಮಾತ್ರ ಸುಲಭ: ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗದ ಮೆಟ್ರೊ ನೇರ ಹೋಗುತ್ತದೆ, ಸಂಜೆಯ ಟ್ರಾಫಿಕ್ಕಿನಲ್ಲಿ ಅಳಿಯನ ಕಾರಿಗಿಂತ ಅದೇ ಬೇಗ. ಮರಳುವಾಗ ಕೊನೆಯ ರೈಲು ತಪ್ಪಬಹುದು, ಕಾರು ಬೇಕು.

ಉಡುಪಿಗೆ ಹೆಚ್ಚು ಯೋಚಿಸಬೇಡಿ. ಅವರಿಗೆ ಸೀರೆ, ನಿಮಗೆ ಇಸ್ತ್ರಿ ಮಾಡಿದ ಪ್ಯಾಂಟು-ಶರ್ಟು, ಕಾಲಿಗೆ ಬೂಟು. ಪಂಚೆ ಉಡುವ ಮನಸ್ಸಿದ್ದರೆ ಮೊದಲೇ ಫೋನು ಮಾಡಿ ಕೇಳಿ, ಕೆಲವು ಕಡೆ ಬಾಗಿಲಲ್ಲಿ ನಿಂತವನಿಗೆ ಬುದ್ಧಿಗಿಂತ ನಿಯಮ ಹೆಚ್ಚು. ಏಸಿಯ ಚಳಿಗೆ ಶಾಲು ಇರಲಿ. ಸಸ್ಯಾಹಾರ ಸಿಗುತ್ತದೆ, ಆದರೆ ನಿಮ್ಮ ಊಟದ ಹೊತ್ತು ಏಳೂವರೆ-ಎಂಟು ಇರಬೇಕು, ವಿರಾಮದಲ್ಲಿ ಎಲ್ಲರೂ ಒಟ್ಟಿಗೆ ಹೇಳುವುದರಿಂದ ತಟ್ಟೆ ಬರುವಷ್ಟರಲ್ಲಿ ಹತ್ತೂವರೆ ದಾಟಬಹುದು. ಮಗಳ ಮನೆಯಲ್ಲಿ ಏನಾದರೂ ತಿಂದೇ ಹೊರಡಿ.

ನನ್ನ ಸಲಹೆ ಕೇಳುವುದಾದರೆ ಬೆಂಗಳೂರಿಗೇ ಹೋಗಿ, ಮಗಳಿಗೆ ಖುಷಿ. ಆದರೆ ದಿನ ಗೊತ್ತುಮಾಡುವ ಮೊದಲು ಅವತ್ತು ನುಡಿಸುವವರು ಯಾರು ಎಂದು ವಿಚಾರಿಸಲಿ. ಪೋಸ್ಟರಿನಲ್ಲಿ ಜಾಝ್ ಎಂದು ಬರೆದು ಒಳಗೆ ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಇರುವುದುಂಟು. ಪಿಯಾನೋ, ಬೇಸ್, ಡ್ರಮ್ ಇರುವ ಮೂರು ಜನರ ತಂಡ, ಜೊತೆಗೊಬ್ಬ ಗಾಯಕಿ ಇದ್ದರೆ ಮೊದಲ ಸಲಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ತಂಡದ ಹೆಸರು ತಿಳಿದ ಮೇಲೆ ಅವರದ್ದೇ ಧ್ವನಿಮುದ್ರಣ ಹುಡುಕಿ ಹೆಡ್‌ಫೋನಿನಲ್ಲಿ ಕೇಳಿ. ಕೆಲವು ಕಡೆ ಒಂದೇ ರಾತ್ರಿಯ ಎರಡು ಭಾಗಕ್ಕೆ ಬೇರೆ ಬೇರೆ ಟಿಕೆಟು ಮಾರುತ್ತಾರೆ; ಹಾಗಿದ್ದರೆ ಮೊದಲಿನದ್ದು ಸಾಕು. ಒಂದೇ ಟಿಕೆಟಾದರೆ ವಿರಾಮದಲ್ಲಿ ಇಬ್ಬರೂ ಮಾತಾಡಿಕೊಂಡು ನಿರ್ಧರಿಸಿ. ಹೊರಡುವುದಾದರೆ ಆಗಲೇ ಹೊರಡಿ. ವಿರಾಮದಲ್ಲಿ ಎದ್ದವರನ್ನು ಕಲಾವಿದರು ತಪ್ಪು ತಿಳಿಯುವುದಿಲ್ಲ, ಬೇಸಿನವನ ಸರದಿಯಲ್ಲಿ ಎದ್ದವರನ್ನು ತಿಳಿಯುತ್ತಾರೆ.